ಹಿಂದೆ ಏನೂ ಇಲ್ಲದ ಕೋಟೆಗೆ ಕನ್ನಡದಲ್ಲಿ ಏನಂತೀರಿ?

ಕೇಂಬ್ರಿಡ್ಜ್‌ಕಿಟ್ಟಿ
ಎಲ್ಲರಿಗೂ ನಮಸ್ಕಾರ. ಊರಿಂದ ಅಪ್ಪ ಅಮ್ಮ ಬಂದು ಮೂರು ವಾರ ಆಯ್ತು. ಅಪ್ಪ ಪಿಡಬ್ಲ್ಯೂಡಿ ಎಂಜಿನಿಯರ್ ಆಗಿದ್ದೋರು, ನಿವೃತ್ತರು. ಯಾವ ಕಟ್ಟಡ ತೋರಿಸಿದರೂ ಮೊದಲು ಗೋಡೆ ತಟ್ಟಿ ನೋಡ್ತಾರೆ, ಆಮೇಲೆ ಮಾತು.

ಕಳೆದ ಭಾನುವಾರ ಇಲ್ಲೇ, ಇಂಗ್ಲೆಂಡಿನ ಕೇಂಬ್ರಿಡ್ಜ್ ಹತ್ತಿರದ ವಿಂಪೋಲ್ ಎಸ್ಟೇಟಿಗೆ ಹೋಗಿದ್ವಿ. ದೊಡ್ಡ ಬಂಗಲೆ, ಸುತ್ತ ನೂರಾರು ಎಕರೆ ಹುಲ್ಲು, ದೂರದ ದಿಬ್ಬದ ಮೇಲೆ ಒಂದು ಪಾಳು ಕೋಟೆ. ಬಂಗಲೆ ಕಡೆಯಿಂದ ನೋಡಿದರೆ ನಮ್ಮ ಚಿತ್ರದುರ್ಗದ ತಮ್ಮನ ಹಾಗೆ ಕಾಣುತ್ತೆ. ಅಪ್ಪನಿಗೆ ಕುತೂಹಲ. ಮಂಡಿನೋವು ಅಂತ ಬೆಳಿಗ್ಗೆ ಮೆಟ್ಟಿಲು ಇಳಿಯೋಕೆ ಗೊಣಗಿದವರು ಕೋಟೆ ಅಂದಕೂಡಲೇ ಹೊರಟೇಬಿಟ್ಟರು. ಹತ್ತಿರ ಹೋಗಿ ನೋಡಿದರೆ ಒಂದು ಗೋಪುರ, ಎರಡು ಮುರಿದ ಮೊಂಡುಗೋಪುರ, ನಡುವೆ ಗೋಡೆ. ಹಿಂದೆ ಹೋದರೆ ಹುಲ್ಲು, ಕುರಿ. ಅಷ್ಟೇ.

"ಕೋಟೆ ಎಲ್ಲಿ?"
"ಇದೇ ಅಪ್ಪ."
"ಯಾರು ಬೀಳಿಸಿದ್ದು?"
"ಯಾರೂ ಬೀಳಿಸಿಲ್ಲ. ಕಟ್ಟುವಾಗಲೇ ಬಿದ್ದ ಹಾಗೆ ಕಟ್ಟಿದ್ದು."

ಅಪ್ಪ ಎರಡು ನಿಮಿಷ ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ: "ಇದರ ಬಿಲ್ಲು ಯಾರು ಪಾಸ್ ಮಾಡಿದ್ದು?"

ಅಲ್ಲಿ ಬರೆದಿದ್ದ ಪ್ರಕಾರ ಸ್ಯಾಂಡರ್ಸನ್ ಮಿಲ್ಲರ್ ಅನ್ನೋನು ನಕ್ಷೆ ಬರೆದದ್ದು 1749ರ ಸುಮಾರಿಗೆ. ಕಟ್ಟಿದ್ದು ಸುಮಾರು ಇಪ್ಪತ್ತು ವರ್ಷ ಬಿಟ್ಟು, 'ಕೇಪಬಿಲಿಟಿ' ಬ್ರೌನ್ ಅನ್ನೋ ತೋಟ ವಿನ್ಯಾಸಗಾರನ ಉಸ್ತುವಾರಿಯಲ್ಲಿ. ಇದನ್ನ ಹೇಳಿದ್ದಕ್ಕೆ ಅಪ್ಪ, "ಇಪ್ಪತ್ತು ವರ್ಷ ಫೈಲು ಓಡಾಡಿದೆಯಲ್ಲ, ಅದೊಂದು ಮಾತ್ರ ನಮ್ಮ ಇಲಾಖೆ ಥರಾನೇ" ಅಂದರು.

ಈಗ ಪ್ರಶ್ನೆ. ಇವಕ್ಕೆ ಇಲ್ಲಿ 'ಫಾಲಿ' ಅಂತಾರೆ, ಪದದ ಅರ್ಥ ಹುಚ್ಚುತನ. ಕನ್ನಡದಲ್ಲಿ ಏನನ್ನೋಣ? ಮತ್ತೆ, ಯಾಕೆ ಕಟ್ಟಿದರು ಅಂತ ಅಪ್ಪನಿಗೆ ಒಪ್ಪುವ ಹಾಗೆ ಯಾರಾದರೂ ಹೇಳ್ತೀರಾ? ನನ್ನ ಕೈಲಿ ಆಗಲಿಲ್ಲ.

ಸುಮ್ನೆಓದುಗ
ದುಡ್ಡು ಜಾಸ್ತಿಯಾಗಿತ್ತು. ಕಾರಣ ಮುಗೀತು.

ಫೇಡಾಪ್ರಿಯೆ
ನಿಮ್ಮ ಅಪ್ಪಾವರಿಗೆ ನನ್ನ ನಮಸ್ಕಾರ ಹೇಳ್ರಿ. ಬಿಲ್ಲಿನ ಪ್ರಶ್ನೆ ಕೇಳಿ ನಕ್ಕ ನಕ್ಕ ಸಾಕಾತು. ನಮ್ಮ ಕಡೆ ಇಂಥಾವಕ್ಕ "ಹುಚ್ಚು ಕಟ್ಟೋಣ" ಅಂತ ಅಂದ್ರ ಮುಗೀತ ನೋಡ್ರಿ.

ಗಾರೆಸುಣ್ಣ
ಹಳೇ ಕಟ್ಟಡಗಳ ದುರಸ್ತಿ ನನ್ನ ಕಸುಬು, ಇಂಗ್ಲೆಂಡಿನಲ್ಲಿ ಎರಡು ವರ್ಷ ಓದಿದ್ದೂ ಹೌದು. ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ಕಿಟ್ಟಿ ಅವರೇ, ನಿಮ್ಮ ತಂದೆಯವರು ಆ ಗೋಡೆಯನ್ನ ಹತ್ತಿರದಿಂದ ನೋಡಿದ್ದೇ ತಪ್ಪು. ಅದು ಬಂಗಲೆ ಕಿಟಕಿಯಿಂದ ನೋಡೋಕೆ ಇರುವ ಗೋಡೆ. ನಾಟಕದ ಪರದೆ ಇದ್ದ ಹಾಗೆ. ಗುಬ್ಬಿ ಕಂಪನಿಯ ಅರಮನೆ ಪರದೆಯ ಹಿಂದೆ ಹೋಗಿ "ಅಂತಃಪುರ ಎಲ್ಲಿ?" ಅಂತ ಯಾರೂ ಕೇಳ್ತಿರಲಿಲ್ಲವಲ್ಲ. ಹದಿನೆಂಟನೇ ಶತಮಾನದ ಇಂಗ್ಲಿಷ್ ಜಮೀನ್ದಾರರಿಗೆ ತಮ್ಮ ಹೊಲ, ಕೆರೆ, ತೋಪು ಎಲ್ಲ ಇಟಲಿಯ ಚಿತ್ರಪಟದ ಹಾಗೆ ಕಾಣಬೇಕಿತ್ತು. ಚಿತ್ರದಲ್ಲಿ ಒಂದು ಪಾಳು ದೇಗುಲ ಇರುತ್ತೆ, ಆದ್ದರಿಂದ ತೋಟದಲ್ಲೂ ಒಂದು ಬೇಕು. ಸ್ಟೋರ್‌ಹೆಡ್‌ನಲ್ಲಿ ಬ್ಯಾಂಕರ್ ಹೆನ್ರಿ ಹೋರ್ ಕೆರೆ ಕಟ್ಟೆ ಹಾಕಿಸಿ, ದಂಡೆಯಲ್ಲಿ 1753–54ರಲ್ಲಿ ರೋಮಿನ ಪ್ಯಾಂಥಿಯನ್ ದೇಗುಲದ ಮರಿ ಒಂದನ್ನ ಕೂರಿಸಿದ್ದು ಇದೇ ತರ್ಕದಿಂದ.

ಇನ್ನೊಂದು ವಿಷಯ. ಎಲ್ಲವೂ ನಿರುಪಯೋಗಿ ಅಲ್ಲ. ಕೆಲವು ಊಟದ ನಂತರ ಹೋಗಿ ಸಿಹಿ ತಿನ್ನೋ ಮಂಟಪಗಳು, ಕೆಲವು ಚಹಾ ಕುಡಿಯೋ ಬೇಸಿಗೆ ಮನೆಗಳು, ಕೆಲವು ಬೇಟೆ ನೋಡೋ ಅಟ್ಟಗಳು. ನಿಮ್ಮ ವಿಂಪೋಲ್ ಗೋಪುರದಲ್ಲೇ ಎಸ್ಟೇಟಿನ ಬೇಟೆ ಕಾವಲುಗಾರ ಸಂಸಾರ ಮಾಡ್ತಿದ್ದ ಕಾಲವೂ ಇತ್ತು. ನಾರ್ಥಾಂಪ್ಟನ್‌ಶೈರಿನ ರಷ್ಟನ್‌ನಲ್ಲಿ ಸರ್ ಥಾಮಸ್ ಟ್ರೆಶಮ್ 1593ರಿಂದ 1597ರ ನಡುವೆ ಕಟ್ಟಿಸಿದ ತ್ರಿಕೋನ ಮನೆ ಇದೆ. ಮೂರು ಗೋಡೆ, ಒಂದೊಂದೂ 33 ಅಡಿ. ಮೂರು ಅಂತಸ್ತು, ಗೋಡೆಗೆ ಮೂರು ಮೂರು ಕಿಟಕಿ. ಹೆಸರಿಗೆ ಮೊಲ ಸಾಕುವವನ ಮನೆ. ನಿಜದಲ್ಲಿ ಅದು ಕಲ್ಲಲ್ಲಿ ಬರೆದ ಪ್ರಾರ್ಥನೆ. ಟ್ರೆಶಮ್ ಕ್ಯಾಥೊಲಿಕ್, ಆ ಕಾರಣಕ್ಕೇ ವರ್ಷಗಟ್ಟಲೆ ಸೆರೆಯಲ್ಲಿದ್ದವನು. ಬಾಯಿಬಿಟ್ಟು ಹೇಳೋಕಾಗದ ತನ್ನ ಕ್ಯಾಥೊಲಿಕ್ ನಂಬಿಕೆಯನ್ನ ತಂದೆ, ಮಗ, ಪವಿತ್ರಾತ್ಮ ಅನ್ನೋ ಮೂರರ ಲೆಕ್ಕದಲ್ಲಿ, ಮೊಲದ ಮನೆಯ ನೆಪದಲ್ಲಿ ಹೇಳಿದ. ಇದನ್ನ ಹುಚ್ಚು ಅನ್ನೋಕೆ ನನಗಂತೂ ಬಾಯಿ ಬರಲ್ಲ.

ಸುಮ್ನೆಓದುಗ
ಮೊಲಕ್ಕೂ ಮೂರು ಮಹಡಿ. ನಾನು ಬೆಂಗಳೂರಲ್ಲಿ ಒಂದು ಬಿಎಚ್‌ಕೆಗೆ ಬಾಡಿಗೆ ಕಟ್ತಿದೀನಿ.

ಕಾಫಿತೋಟ
ಕಿಟ್ಟಿ, ಬಂಗಲೆ ಮುಂದೆ ಬೇಲಿ ಕಾಣದೆ ಕುರಿಗಳು ಹತ್ತಿರದಲ್ಲೇ ಮೇಯ್ತಾ ಇದ್ವಾ? ಅದಕ್ಕೆ ಅಲ್ಲಿ 'ಹಾ-ಹಾ' ಅಂತ ಹೆಸರು. ಒಂದು ಬದಿ ನೆಟ್ಟಗೆ ಗೋಡೆ, ಇನ್ನೊಂದು ಬದಿ ಇಳಿಜಾರು ಇರೋ ಕಂದಕ. ಮನೆ ಕಡೆಯಿಂದ ನೋಡಿದರೆ ಕಣ್ಣಿಗೆ ಬೀಳಲ್ಲ. ನನ್ನ ಮಗಳ ಜೊತೆ ಹೋದಾಗ ನೋಡಿ "ಅಯ್ಯೋ, ಇದು ನಮ್ಮ ಆನೆ ಕಂದಕ!" ಅಂದೆ. ವ್ಯತ್ಯಾಸ ಏನಂದ್ರೆ ಅವರದ್ದನ್ನ ಕುರಿ ದಾಟಲ್ಲ. ನಮ್ಮದನ್ನ ಆನೆ ಮಣ್ಣು ತಳ್ಳಿ ಮುಚ್ಚಿ ದಾಟಿ ಬರುತ್ತೆ.

ಮಂಡ್ಯಕಬ್ಬು
ಎಲ್ಲಾ ಸರಿ ಕನ್ರಪ್ಪ, ದುಡ್ಡು ಎಲ್ಲಿಂದ ಬಂತು ಅಂತ ಒಬ್ರೂ ಯೋಳ್ನಿಲ್ಲ. ಸಸೆಕ್ಸ್‌ನಲ್ಲಿ 'ಮ್ಯಾಡ್ ಜ್ಯಾಕ್' ಫುಲ್ಲರ್ ಅಂತ ಒಬ್ಬ ಇದ್ದ. ಮನೆಯಿಂದ ಡಾಲಿಂಗ್ಟನ್ ಚರ್ಚಿನ ಶಿಖರ ಕಾಣುತ್ತೆ ಅಂತ ಬೆಟ್ ಕಟ್ಟಿದ್ನಂತೆ. ಮನೆಗೋಗಿ ನೋಡುದ್ರೆ ಕಾಣ್ನಿಲ್ಲ. ರಾತ್ರೋರಾತ್ರಿ ಅದೇ ದಿಕ್ಕಲ್ಲಿ ಶಿಖರದ ಆಕಾರದ ಒಂದು ಗೋಪುರ ಎಬ್ಬಿಸ್ಬುಟ್ನಂತೆ. ಇಂಗ್ಲೆಂಡಿನೋರು ಈ ಕತೆ ಯೋಳಿ ಯೋಳಿ ನಗ್ತಾರೆ. ಆದ್ರೆ ಅವನ ಮನೆತನದ ಕಬ್ಬಿನ ತೋಟ ಜಮೈಕಾದಲ್ಲಿತ್ತು, ಗುಲಾಮರ ದುಡಿಮೆ. ಪಾರ್ಲಿಮೆಂಟಲ್ಲಿ ಕೂತ್ಕೊಂಡು ಗುಲಾಮಗಿರಿ ಪರವಾಗೇ ಮಾತಾಡ್ದೋನು. ಆ ಗೋಪುರದ ಹೆಸರೇ 'ಶುಗರ್ ಲೋಫ್', ಸಕ್ಕರೆ ಗಟ್ಟಿ. ಕಬ್ಬು ಬೆಳೆಯೋ ನಮಗೆ ಇದು ಬ್ಯಾಗ ಅರ್ಥ ಆಗುತ್ತೆ.

ಗಾರೆಸುಣ್ಣ
ಮಂಡ್ಯಕಬ್ಬು, ದುಡ್ಡಿನ ಮಾತು ಸರಿ. ಆದರೆ ಅದೇ ಫುಲ್ಲರ್ 1828ರಲ್ಲಿ ಬೋಡಿಯಂ ಕೋಟೆಯನ್ನ ಕೊಂಡು, ಒಡೆದುಹಾಕೋದನ್ನ ತಪ್ಪಿಸಿದ. ಅದು ನಿಜವಾದ ಕೋಟೆ. ಇನ್ನು ಅವನ ಸಮಾಧಿ, 1811ರಲ್ಲಿ ಬದುಕಿರುವಾಗಲೇ ಚರ್ಚಿನ ಅಂಗಳದಲ್ಲಿ ಕಟ್ಟಿಸಿಕೊಂಡ ಪಿರಮಿಡ್ಡು. ಒಳಗೆ ಟೋಪಿ ಹಾಕಿಕೊಂಡು, ಕೈಯಲ್ಲಿ ವೈನ್ ಬಾಟಲಿ ಹಿಡಿದು ಕುರ್ಚಿಯಲ್ಲಿ ಕೂತಿದ್ದಾನೆ ಅಂತ ನೂರೈವತ್ತು ವರ್ಷ ಜನ ನಂಬಿದ್ದರು. 1982ರ ದುರಸ್ತಿಯಲ್ಲಿ ನೋಡಿದರೆ ಎಲ್ಲರ ಹಾಗೆ ನೆಲದಡಿ ಮಲಗಿದ್ದ.

ಮಂಡ್ಯಕಬ್ಬು
ಕೋಟೆ ಉಳಿಸ್ದ ಅಂತ ಸರ್ಟಿಫಿಕೇಟು ಕೊಡ್ತೀರಾ? ಜಮೈಕಾದೋರ್ನ ಕೇಳಿ.

ಅನಾನಸ್‌ಹೆಗಡೆ
ಸಕ್ಕರೆ ಬಂತು, ಅನಾನಸ್ ಬರಲೇಬೇಕು. ಸ್ಕಾಟ್‌ಲೆಂಡಿನ ಡನ್‌ಮೋರ್‌ನಲ್ಲಿ ಒಂದು ಬೇಸಿಗೆ ಮನೆಯ ತಲೆ ಮೇಲೆ ಸುಮಾರು 14 ಮೀಟರಿನ ಕಲ್ಲಿನ ಅನಾನಸ್ ನಿಂತಿದೆ. ಫೋಟೋ ನೋಡಿದ ದಿನ ನಮ್ಮನೆಯವಳು "ಇದೆಂತದು, ಬನವಾಸಿ ಗಣೇಶೋತ್ಸವದ ಮಂಟಪವಾ?" ಅಂದಳು.

ಕೆಳಗಿನ ಕಟ್ಟಡ 1761ರದ್ದು. ಕಟ್ಟಿಸಿದ್ದು ಡನ್‌ಮೋರಿನ ನಾಲ್ಕನೇ ಅರ್ಲ್, ಅಮೆರಿಕ ಸ್ವತಂತ್ರ ಆಗುವಾಗ ವರ್ಜೀನಿಯಾದ ಕೊನೇ ಬ್ರಿಟಿಷ್ ಗವರ್ನರ್ ಆಗಿದ್ದವನು. ಹಣ್ಣನ್ನ ಅವನು ವಾಪಸ್ ಬಂದ ಮೇಲೆ ಏರಿಸಿದ್ದು ಅಂತ ಹೆಚ್ಚಿನವರ ಅಭಿಪ್ರಾಯ. ನನಗೆ ಇಷ್ಟ ಆಗಿದ್ದು ಒಳಗಿನ ಕೆಲಸ. ತೋಟದ ಎತ್ತರದ ಗೋಡೆ ಒಳಗೆ ಪೊಳ್ಳು, ಅದರಲ್ಲಿ ಬಿಸಿಗಾಳಿ ಹರಿಸುತ್ತಿದ್ದರು. ಮೇಲೆ ಅಲಂಕಾರದ ಹೂಜಿಗಳ ಹಾಗೆ ಕಾಣೋದು ಹೊಗೆ ಕೊಳವೆಗಳು. ಆ ಚಳಿ ಸೀಮೆಯಲ್ಲಿ ಗಾಜಿನ ಮನೆ ಕಟ್ಟಿ, ಗುಂಡಿಯಲ್ಲಿ ಓಕ್ ತೊಗಟೆ ಕೊಳೆಸಿ, ಆ ಕಾವಿಗೆ ಅನಾನಸ್ ಬೆಳೆಯುತ್ತಿದ್ದರು. ಕಲ್ಲಿನ ಎಲೆಗಳಲ್ಲಿ ನೀರು ನಿಂತು ಹೆಪ್ಪುಗಟ್ಟಿ ಕಲ್ಲು ಸೀಳದ ಹಾಗೆ ಒಂದೊಂದು ಎಲೆಗೂ ನೀರು ಇಳಿಯೋ ದಾರಿ ಬಿಟ್ಟಿದ್ದಾರೆ. ಕಿಟ್ಟಿ, ಇದನ್ನ ಅಪ್ಪಯ್ಯನಿಗೆ ಹೇಳು, ಅವರಿಗೆ ಖುಷಿ ಆಗ್ತು.

ನಮ್ಮಲ್ಲಿ ರೇಟು ಬಿದ್ದ ವರ್ಷ ಅದೇ ಹಣ್ಣನ್ನ ಟ್ರ್ಯಾಕ್ಟರಲ್ಲಿ ತಂದು ರಸ್ತೆ ಬದಿ ಸುರಿಯುತ್ತೇವೆ. ಯಾವ ಅರ್ಲೂ ಬರೋದಿಲ್ಲ.

ಕೇಂಬ್ರಿಡ್ಜ್‌ಕಿಟ್ಟಿ
ಹೆಗಡೇರೆ, ಎಲೆಯ ನೀರಿನ ದಾರಿ ಓದಿ ಹೇಳಿದೆ. ಅಪ್ಪ ಮೊದಲ ಸಲ "ಹಾಂ, ಅವನು ಕೆಲಸಗಾರ" ಅಂದರು. ಅವನಂದರೆ ಅರ್ಲ್ ಅಲ್ಲ, ಮೇಸ್ತ್ರಿ.

ಫೇಡಾಪ್ರಿಯೆ
ಸನ್ಯಾಸಿ ಕೆಲಸದ ಕತಿ ಯಾರೂ ಹೇಳಲಿಲ್ಲಲ್ರೀ! ಸರ್‍ರೆಯ ಪೇನ್ಸ್‌ಹಿಲ್ ಅಂಬೋ ತ್ವಾಟದಾಗ ಚಾರ್ಲ್ಸ್ ಹ್ಯಾಮಿಲ್ಟನ್ ಅನ್ನಾಂವ ಪಾಳು ಗುಡಿ, ಹರಳಿನ ಗವಿ, ಟರ್ಕಿ ಡೇರೆ ಎಲ್ಲಾ ಮಾಡಿಸಿದ್ದ. ಒಂದು ಋಷಿ ಕುಟೀರಾನೂ ಕಟ್ಟಿಸಿದ. ಕುಟೀರ ಆತು, ಋಷಿ? ಏಳು ವರ್ಷ ಅಲ್ಲೇ ಇರಬೇಕು, ಕೂದಲಾ ಉಗುರಾ ತೆಗೀಬಾರದು, ಆಳುಗಳ ಜೋಡಿ ಮಾತಾಡಬಾರದು, ಮುಗಿಸಿದ್ರ 700 ಪೌಂಡ್ ಅಂತ ಕರಾರು. ಒಬ್ಬಾಂವ ಬಂದನಂತ. ಮೂರ ವಾರಕ್ಕ ಊರಾಗಿನ ಹೆಂಡದಂಗಡ್ಯಾಗ ಸಿಕ್ಕನಂತ!

ಕತಿ ಖರೇನೋ ಸುಳ್ಳೋ, ಹ್ಯಾಮಿಲ್ಟನ್ ಮಾತ್ರ ಸಾಲ ಮೈಮ್ಯಾಲ ಬಂದು 1773ರಾಗ ಎಲ್ಲಾ ಮಾರಿ ಹೋದದ್ದು ಖರೇ.

ಸುಮ್ನೆಓದುಗ
ಏಳು ವರ್ಷದ ಬಾಂಡ್, ಮೂರು ವಾರಕ್ಕೆ ರಾಜೀನಾಮೆ. ಐಟಿಯವನೇ ಇರಬೇಕು.

ಕರಾವಳಿಕಾಕ
ನಮ್ಮಲ್ಲೂ ಇಂಥವು ಇದ್ದಾವಲ್ಲ ಮಾರಾಯ್ರೆ. ಬೆಂಗಳೂರಿನ ಕೆಂಪೇಗೌಡ ಗೋಪುರ ಎಂತಕ್ಕೆ? ಹಂಪಿಯ ಕಮಲ ಮಹಲ್ ಎಂತಕ್ಕೆ? ಶ್ರೀರಂಗಪಟ್ಟಣದ ದರಿಯಾ ದೌಲತ್? ಎಲ್ಲ ಫಾಲಿಗಳೇ.

ಗಾರೆಸುಣ್ಣ
ಕಾಕ, ಮೂರನ್ನೂ ಒಂದೇ ಚೀಲಕ್ಕೆ ತುಂಬಬೇಡಿ. ಕೆಂಪೇಗೌಡ ಗೋಪುರ ಕಾವಲಿಗೆ, ಎಲ್ಲೆ ಗುರುತಿಗೆ. ಕಮಲ ಮಹಲ್ ಗಾಳಿ ಆಡಲಿ ಅಂತಲೇ ಕಟ್ಟಿದ ಮಂಟಪ, ಅದನ್ನ ಬೇಕಾದರೆ ಬೇಸಿಗೆ ಮನೆ ಅನ್ನಿ. ದರಿಯಾ ದೌಲತ್ 1784ರದ್ದು, ಕಾವೇರಿ ದಂಡೆಯ ತೋಟದ ನಡುವೆ ಬಹುಪಾಲು ತೇಗದಲ್ಲೇ ಕಟ್ಟಿದ ಬೇಸಿಗೆ ಅರಮನೆ. ಟಿಪ್ಪು ಅಲ್ಲಿ ಕೂತು ಜನರನ್ನ ಕಾಣ್ತಿದ್ದ, 1799ರ ನಂತರ ಆರ್ಥರ್ ವೆಲ್ಲೆಸ್ಲಿ ಅದರಲ್ಲೇ ಬಿಡಾರ ಹೂಡಿದ. ಬಳಸಿದ ಮನೆ ಅದು. ಫಾಲಿ ಅಲ್ಲ.

ಹೈಲ್ಯಾಂಡ್‌ಹೋಳಿಗೆ
ದರಿಯಾ ದೌಲತ್ ಅಂದಿರಲ್ಲ, ಈಗ ನನ್ನ ಸರದಿ. ನಾನಿರೋದು ಉತ್ತರ ಸ್ಕಾಟ್‌ಲೆಂಡಿನ ಇನ್ವರ್ನೆಸ್ ಹತ್ತಿರ, ಹದಿನಾರು ವರ್ಷ ಆಯ್ತು. ತವರು ಮೈಸೂರು.

ನಮ್ಮ ಮನೆಯಿಂದ ಅರ್ಧ ಗಂಟೆ ದಾರೀಲಿ ಫೈರಿಷ್ ಅಂತ ಗುಡ್ಡ ಇದೆ. 450 ಮೀಟರಿಗೆ ಸ್ವಲ್ಪ ಮೇಲೆ. ತುದಿಯಲ್ಲಿ ಕಲ್ಲಿನ ಕಮಾನುಗಳ ಸಾಲು, ಅತ್ತ ಇತ್ತ ಬಿಡಿ ಕಂಬಗಳು. ಕೆಳಗಿನ ರಸ್ತೆಯಿಂದ ನೋಡಿದರೆ ಹಲ್ಲು ಬಿದ್ದ ಬಾಚಣಿಗೆ ಥರ. ಮೊದಲ ಸಲ ನಮ್ಮೆಜಮಾನರ ಜೊತೆ ಹತ್ತಿದಾಗ ಏನೋ ಸುಮ್ಮನೆ ಕಟ್ಟಿದ್ದಾರೆ ಅಂದುಕೊಂಡೆ. ಅಲ್ಲಿದ್ದ ಫಲಕ ಓದಿ ಕೂತುಬಿಟ್ಟೆ. ಅದು ನಾಗಪಟ್ಟಣದ ಬಾಗಿಲು! ತಮಿಳುನಾಡಿನ ನಾಗಪಟ್ಟಣ. 1781ರಲ್ಲಿ ಡಚ್ಚರಿಂದ ಅದನ್ನ ಗೆದ್ದ ಸರ್ ಹೆಕ್ಟರ್ ಮನ್ರೋ ಅದರ ನೆನಪಿಗೆ 1782ರಲ್ಲಿ ತನ್ನ ಎಸ್ಟೇಟಿನ ಗುಡ್ಡದ ಮೇಲೆ ಕಟ್ಟಿಸಿದ್ದು.

ಅಲ್ಲಿಗೆ ಮುಗಿಯಲ್ಲ. ನಾಗಪಟ್ಟಣ ಗೆಲ್ಲೋ ಹಿಂದಿನ ವರ್ಷ ಇದೇ ಮನ್ರೋ ಏನು ಮಾಡಿದ್ದ ಗೊತ್ತಾ? 1780ರ ಸೆಪ್ಟೆಂಬರ್ 10, ಪೊಲ್ಲಿಲೂರು. ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೇಲಿಯ ಪಡೆಯನ್ನ ಹೈದರ್ ಮತ್ತು ಟಿಪ್ಪು ಸುತ್ತುಗಟ್ಟಿ ಪುಡಿ ಮಾಡಿದರು. ಆಗ ಕೆಲವೇ ಮೈಲಿ ದೂರದ ಕಂಚಿಯಲ್ಲಿ ದೊಡ್ಡ ಸೇನೆ ಇಟ್ಟುಕೊಂಡು ಕೂತಿದ್ದವನು ಈ ಮನ್ರೋ. ಒಂದು ತುಕಡಿ ಕಳಿಸಿದ, ತಾನು ಹೊತ್ತಿಗೆ ಸರಿಯಾಗಿ ಹೋಗಲಿಲ್ಲ. ಸೋಲಿನ ಸುದ್ದಿ ಬಂದಮೇಲೆ ದೊಡ್ಡ ಫಿರಂಗಿಗಳನ್ನ ಕಂಚಿಯ ಕೆರೆಗೆ ತಳ್ಳಿ ಮದ್ರಾಸಿಗೆ ಓಡಿದ.

ಆ ಯುದ್ಧದ ಚಿತ್ರ ಎಲ್ಲಿದೆ? ನಮ್ಮ ದರಿಯಾ ದೌಲತ್‌ನ ಪಡುವಣ ಗೋಡೆ ಮೇಲೆ. ಪಲ್ಲಕ್ಕಿಯಲ್ಲಿ ಗಾಯಗೊಂಡ ಬೇಲಿ, ಸುತ್ತ ಚೌಕ ಕಟ್ಟಿ ನಿಂತ ಕೆಂಪಂಗಿ ಸಿಪಾಯಿಗಳು, ಸಿಡಿಯುತ್ತಿರೋ ಮದ್ದಿನ ಬಂಡಿ, ಆನೆ ಮೇಲೆ ಹೈದರ್. ಶಾಲೆಯಿಂದ ಟೂರು ಹೋದಾಗೆಲ್ಲ ನೋಡಿದ್ದೆ. ಗೆದ್ದವನು ತನ್ನ ತೋಟದ ಮನೆ ಗೋಡೆ ಮೇಲೆ ಬರೆಸಿದ. ನೆರವಿಗೆ ಹೋಗದವನು ಬೇರೆ ಊರು ಗೆದ್ದು, ಅದನ್ನ ತನ್ನ ಗುಡ್ಡದ ಮೇಲೆ ಕಟ್ಟಿಸಿದ. ಪೊಲ್ಲಿಲೂರಿನ ಬಗ್ಗೆ ಆ ಗುಡ್ಡದ ಮೇಲೆ ಒಂದು ಅಕ್ಷರ ಕಂಡ ನೆನಪಿಲ್ಲ ನನಗೆ.

ಮಂಡ್ಯಕಬ್ಬು
ಅಕ್ಕಾ, ಇದು ಮಾತು! ಶ್ರೀರಂಗಪಟ್ಟಣದ 'ಬೇಲಿ ಡಂಜನ್' ಅಂತೀವಲ್ಲ, ಅದೇ ಬೇಲಿ. ಸೆರೇಲೇ 1782ರಲ್ಲಿ ಸತ್ತ. ನಾವು ಚಿಕ್ಕೋರಿದ್ದಾಗ ಆ ಕತ್ತಲಕೋಣೇಲಿ ಕಣ್ಣಾಮುಚ್ಚಾಲೆ ಆಡ್ತಿದ್ವಿ.

ಕರಾವಳಿಕಾಕ
ಮನ್ರೋ ಅಂದರೆ ಮಂತ್ರಾಲಯದಲ್ಲಿ ರಾಯರ ದರ್ಶನ ಆಯ್ತು ಅಂತಾರಲ್ಲ, ಅವರೇ ಅಲ್ವಾ? ಅಂಥವರು ಹಾಗೆ ಓಡಿ ಹೋಗಿರಲಿಕ್ಕಿಲ್ಲ.

ಹೈಲ್ಯಾಂಡ್‌ಹೋಳಿಗೆ
ಅಲ್ಲ ಕಾಕ, ಅವರು ಥಾಮಸ್ ಮನ್ರೋ. ಬಳ್ಳಾರಿ–ಕಡಪ ಕಡೆ ಕಲೆಕ್ಟರ್ ಆಗಿದ್ದು, ಮುಂದೆ ಮದ್ರಾಸ್ ಗವರ್ನರ್ ಆದವರು. ಇವನು ಹೆಕ್ಟರ್. ಸ್ಕಾಟ್‌ಲೆಂಡಿನಲ್ಲಿ ಮನ್ರೋಗಳು ನಮ್ಮಲ್ಲಿ ಗೌಡರು ಇದ್ದ ಹಾಗೆ, ಕೂಗಿದರೆ ಹತ್ತು ಜನ ತಿರುಗಿ ನೋಡ್ತಾರೆ.

ಕರಾವಳಿಕಾಕ
ಹಾಗಾದರೆ ಸರಿ. ಹೆಕ್ಟರ್ ಓಡಿದ್ದಕ್ಕೆ ನನ್ನ ತಕರಾರಿಲ್ಲ.

ಫೇಡಾಪ್ರಿಯೆ
ಹೋಳಿಗೆ ಅಕ್ಕಾರ, ಗುಡ್ಡದ ಮ್ಯಾಲ ಅಷ್ಟ ಕಲ್ಲು ಹೊತ್ತವರು ಯಾರು?

ಹೈಲ್ಯಾಂಡ್‌ಹೋಳಿಗೆ
ಅದೇ ಮುಖ್ಯ ಕತೆ. ಆಗ ಹೈಲ್ಯಾಂಡ್ಸಿನಲ್ಲಿ, ಅಂದರೆ ನಮ್ಮ ಈ ಬೆಟ್ಟಸೀಮೆಯಲ್ಲಿ, ಜಮೀನ್ದಾರರು ಕುರಿ ಸಾಕೋಕೆ ಅಂತ ರೈತರನ್ನ ಎಬ್ಬಿಸೋಕೆ ಶುರು ಮಾಡಿದ್ದರು. ಕೆಲಸ ಇಲ್ಲದ ಜನಕ್ಕೆ ಮನ್ರೋ ಈ ಕೆಲಸ ಕೊಟ್ಟ ಅಂತ ಊರವರು ಹೇಳ್ತಾರೆ. ಮೇಲೆ ಏರಿಸಿದ ಕಲ್ಲನ್ನ ರಾತ್ರಿ ತಾನೇ ಕೆಳಕ್ಕೆ ಉರುಳಿಸುತ್ತಿದ್ದನಂತೆ, ಇನ್ನೊಂದು ದಿನದ ಕೂಲಿ ಸಿಗಲಿ ಅಂತ. ಜನ ಪ್ರೀತಿಯಿಂದ ಹೇಳೋ ಕತೆ. ನನಗೆ ಮಾತ್ರ ಕೇಳಿದಾಗೆಲ್ಲ ಮೈ ಉರಿಯುತ್ತೆ. ಕೂಲಿ ಕೊಡೋ ಮನಸ್ಸಿದ್ದರೆ ಕಲ್ಲು ಯಾಕೆ ಉರುಳಿಸಬೇಕು?

ಗಾರೆಸುಣ್ಣ
ಇಂಥವಕ್ಕೆ ಬರಗಾಲದ ಫಾಲಿಗಳು ಅಂತಲೇ ಹೆಸರಿದೆ. ಐರ್ಲೆಂಡಿನಲ್ಲಿ ಬಹಳ. ಕಿಲ್ಡೇರ್ ಕೌಂಟಿಯ ಕ್ಯಾಸಲ್‌ಟೌನ್ ಒಡತಿ ಕ್ಯಾಥರೀನ್ ಕೊನೊಲಿ, ವಿಧವೆ, 1740ರಲ್ಲಿ 140 ಅಡಿಯ ಕಮಾನು ಗೋಪುರ ಕಟ್ಟಿಸಿದಳು. ಆ ಚಳಿಗಾಲ ಐರ್ಲೆಂಡಿನಲ್ಲಿ ಆಲೂಗಡ್ಡೆ ನೆಲದಲ್ಲೇ ಹೆಪ್ಪುಗಟ್ಟಿ ಜನ ಸಾಯ್ತಿದ್ದ ಕಾಲ. "ಮುನ್ನೂರು ನಾನೂರು ಪೌಂಡಾದರೂ ಆಗುತ್ತೆ, ಇವಳಿಗೆ ಹೇಗೆ ಸಾಧ್ಯವೋ" ಅನ್ನೋ ಅರ್ಥದಲ್ಲಿ ಅವಳ ಸೋದರಿ ಬರೆದ ಕಾಗದ ಉಳಿದಿದೆ. ತಮಾಷೆ ಏನಂದರೆ ಗೋಪುರ ನಿಂತ ಜಾಗ ಪಕ್ಕದ ಎಸ್ಟೇಟಿನದ್ದು.

ಸುಮ್ನೆಓದುಗ
ಹದ್ದುಬಸ್ತು ಮಾಡಿಸದೆ ಕಟ್ಟಿದರೆ ಹೀಗೇ.

ಮಂಡ್ಯಕಬ್ಬು
ಬರದಲ್ಲಿ ಕೆಲ್ಸ ಕೊಟ್ಟಿದ್ದು ತಪ್ಪು ಅನ್ನಲ್ಲ. 1876–78ರ ಬರದಲ್ಲಿ ಮೈಸೂರು ಸೀಮೇಲೂ ಕಾಮಗಾರಿ ಮಾಡಿದ್ರು. ಬೆಂಗಳೂರು–ಮೈಸೂರು ರೈಲು ಹಾದಿ ಕೆಲಸ ಹುಟ್ಟಿದ್ದೇ ಆ ಬರದ ಹೊಟ್ಟೇಲಿ. ಆದ್ರೆ ಅದ್ರ ಮೇಲೆ ಇವತ್ತೂ ನಮ್ಮ ಜನ ಓಡಾಡ್ತಾರೆ. ಈ ಯಮ್ಮನ ಗೋಪುರದ ಮೇಲೆ ಕಾಗೆ ಕೂರುತ್ತೆ. ಕೆರೆ ತೆಗೆಸ್ಬೋದಿತ್ತು, ರಸ್ತೆ ಮಾಡಿಸ್ಬೋದಿತ್ತು.

ಗಾರೆಸುಣ್ಣ
ಆಗಿನವರು ಹೇಳ್ತಿದ್ದ ವಾದ ಬೇರೆ. ಉಪಯೋಗದ ಕೆಲಸ ಕೊಟ್ಟರೆ ಈಗಾಗಲೇ ಅದೇ ಕೆಲಸ ಮಾಡೋನ ಹೊಟ್ಟೆ ಮೇಲೆ ಹೊಡೆದ ಹಾಗೆ ಅನ್ನೋದು, ಪುಕ್ಕಟೆ ಊಟ ಹಾಕಿದರೆ ಜನ ಸೋಮಾರಿ ಆಗ್ತಾರೆ ಅನ್ನೋದು. ಹಾಗಾಗಿ ಉಪಯೋಗ ಇಲ್ಲದ್ದನ್ನೇ ಕಟ್ಟಿಸು. ನಾನು ಒಪ್ಪುತ್ತೀನಿ ಅಂತಲ್ಲ.

ಮಂಡ್ಯಕಬ್ಬು
ಉಂಡವನು ಹಸಿದವನಿಗೆ ಯೋಳೋ ವಾದ.

ಕಾಫಿತೋಟ
ಶ್ರೀರಂಗಪಟ್ಟಣದ ನಂಟು ಅಲ್ಲಿ ಇನ್ನೂ ಇದೆ. ವೇಲ್ಸಿನ ಪೊವಿಸ್ ಕೋಟೆಗೆ ಹೋಗಿದ್ದೆ. ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ 1799ರ ಹೊತ್ತಿಗೆ ಮದ್ರಾಸ್ ಗವರ್ನರ್. ಅವನ ಹೆಂಡತಿ ಕಡೆಯ ಮನೆತನದ್ದು ಈ ಪೊವಿಸ್. ಅಲ್ಲಿ ಟಿಪ್ಪುವಿನ ಡೇರೆ ಇಟ್ಟಿದ್ದಾರೆ, ಹತ್ತಿ ಬಟ್ಟೆಯ ಮೇಲೆ ಹೂಕುಂಡದ ಚೀಟು ಕೆಲಸ. ಸಿಂಹಾಸನದ ಚಿನ್ನದ ಹುಲಿ ತಲೆಗಳಲ್ಲಿ ಒಂದೂ ಅಲ್ಲೇ ಇದೆ. ಆ ಡೇರೆಯನ್ನ ಅವರು ಎಸ್ಟೇಟಿನ ಗಾರ್ಡನ್ ಪಾರ್ಟಿಗಳಿಗೆ ಶಾಮಿಯಾನ ಹಾಕೋ ಹಾಗೆ ಹಾಕ್ತಿದ್ದರಂತೆ. ಟಿಪ್ಪು ದಂಡಿನ ಡೇರೆ ಕೆಳಗೆ ಕೂತು ಕೇಕು ತಿಂದಿದ್ದಾರೆ. ಬೇಸಿಗೆ ಮಂಟಪ ಕಟ್ಟಿಸೋ ಖರ್ಚೇ ಬರಲಿಲ್ಲ ನೋಡಿ.

ನಾನು ಅದರ ಮುಂದೆ ಸುಮಾರು ಹೊತ್ತು ನಿಂತಿದ್ದೆ. ಬಣ್ಣ ಇನ್ನೂ ಅಷ್ಟು ಚೆನ್ನಾಗಿದೆ, ಅದೇ ಬೇಜಾರು.

ಹೈಲ್ಯಾಂಡ್‌ಹೋಳಿಗೆ
ಪೊಲ್ಲಿಲೂರಿನ ಇನ್ನೊಂದು ಕಲ್ಲು ಹೇಳಿಬಿಡ್ತೀನಿ. ಅಲ್ಲಿ ಸೆರೆ ಸಿಕ್ಕವರಲ್ಲಿ ಡೇವಿಡ್ ಬೇರ್ಡ್ ಒಬ್ಬ. ಸುಮಾರು ಮೂರೂವರೆ ವರ್ಷ ಶ್ರೀರಂಗಪಟ್ಟಣದಲ್ಲಿ ಸೆರೆ. ಇಬ್ಬಿಬ್ಬರನ್ನ ಸರಪಳಿಯಲ್ಲಿ ಕಟ್ಟಿದ್ದಾರೆ ಅಂತ ಸುದ್ದಿ ಬಂದಾಗ ಅವನ ತಾಯಿ, "ನಮ್ಮ ಡೇವಿ ಜೊತೆ ಕಟ್ಟಿಸಿಕೊಂಡವನನ್ನ ದೇವರೇ ಕಾಪಾಡಬೇಕು" ಅಂದಳಂತೆ. ಮಗನ ಸ್ವಭಾವ ಗೊತ್ತಿದ್ದವಳು! 1799ರಲ್ಲಿ ಕೋಟೆಗೆ ನುಗ್ಗಿದ ದಂಡಿನ ಮುಂದಾಳು ಇವನೇ. ಸತ್ತ ಮೇಲೆ ಹೆಂಡತಿ ಸ್ಕಾಟ್‌ಲೆಂಡಿನ ಕ್ರೀಫ್ ಹತ್ತಿರದ ಗುಡ್ಡದಲ್ಲಿ ಈಜಿಪ್ಟಿನ ಮಾದರಿಯ ಕಲ್ಲುಕಂಬ ನಿಲ್ಲಿಸಿದಳು. ಈಜಿಪ್ಟ್ ಯಾಕೆ ಅಂದ್ರೆ ಅಲ್ಲಿಗೂ ದಂಡು ತಗೊಂಡು ಹೋಗಿದ್ದ.

ಅನಾನಸ್‌ಹೆಗಡೆ
ಹಂಗಾದ್ರೆ ಕಾವೇರಿ ದಂಡೆಯ ಜಗಳಕ್ಕೆ ಸ್ಕಾಟ್‌ಲೆಂಡಿನ ಎರಡು ಗುಡ್ಡದ ಮೇಲೆ ಕಲ್ಲು. ನಮ್ಮ ಊರ ಮೇಲೆ ಬಂದ ದಂಡಿನ ಲೆಕ್ಕ ಅಲ್ಲಿ ಹುಡುಕಬೇಕು.

ಸುಮ್ನೆಓದುಗ
ವಿಷಯ ಬೇರೆ: ಈ ಎಸ್ಟೇಟುಗಳಲ್ಲಿ ಪುಳಿಯೋಗರೆ ಡಬ್ಬಿ ಒಳಗೆ ಬಿಡ್ತಾರಾ? ಮುಂದಿನ ತಿಂಗಳು ಬರ್ತಿದೀನಿ. ಕಾರ್ ಪಾರ್ಕಿಂಗಿಗೂ ಬೇರೆ ದುಡ್ಡಾ?

ಫೇಡಾಪ್ರಿಯೆ
ಹುಲ್ಲಿನ ಮ್ಯಾಲ ಕೂತು ತಿನ್ನಾಕ ಯಾರೂ ಏನೂ ಅನ್ನಂಗಿಲ್ಲ. ನಾವು ರೊಟ್ಟಿ, ಶೇಂಗಾ ಹಿಂಡಿ ಒಯ್ದಿದ್ವಿ. ಬಾಜೂಕ ಕೂತ ಅಜ್ಜಿ ಕೇಳಿ ಇಸ್ಕೊಂಡು ತಿಂದು, ಆಮ್ಯಾಲ ಒಂದ ಬಾಟಲಿ ನೀರು ಕುಡದ್ಲು.

ಗಾರೆಸುಣ್ಣ
ಕಿಟ್ಟಿ, ತಂದೆಯವರಿಗೆ ಒಂದು ಕಸುಬಿನ ಪ್ರಶ್ನೆ ಕೊಡಿ. ವಿಂಪೋಲ್ ಗೋಪುರದ ಕಲ್ಲು ಕ್ಲಂಚ್ ಅಂತ, ಸೀಮೆಸುಣ್ಣದ ಜಾತಿ, ಬಲು ಮೆದು. ಕೆಲವು ವರ್ಷದ ಹಿಂದೆ ನಿಜವಾಗಲೂ ಬೀಳೋ ಹಾಗಾಗಿ ದೊಡ್ಡ ದುರಸ್ತಿ ಮಾಡಿದರು. ಸುಳ್ಳು ಪಾಳನ್ನ ದುರಸ್ತಿ ಮಾಡೋದು ಹೇಗೆ? ಮುರಿದಂತೆ ಕಟ್ಟಿದ್ದು ಯಾವುದು, ಆಮೇಲೆ ಮುರಿದದ್ದು ಯಾವುದು ಅಂತ ಕಲ್ಲು ಕಲ್ಲೂ ನೋಡಬೇಕು. ಮೊದಲಿನ ಮುರುಕು ಇರಬೇಕು, ಎರಡನೆಯದು ಹೋಗಬೇಕು. ಆ ದುರಸ್ತಿಗೆ 2016ರಲ್ಲಿ, ಹಳೇ ಪರಂಪರೆ ಉಳಿಸೋ ಕೆಲಸಕ್ಕೆ ಕೊಡೋ ಯುರೋಪಾ ನೋಸ್ಟ್ರಾ ಪ್ರಶಸ್ತಿ ಬಂತು.

ಕೇಂಬ್ರಿಡ್ಜ್‌ಕಿಟ್ಟಿ
ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ, ಒಂದೂವರೆ ಗಂಟೆ ಆಯ್ತು. ದುರಸ್ತಿ ವಿಷಯಕ್ಕೆ, "ಎಸ್ಟಿಮೇಟಲ್ಲಿ 'ಮುರಿದ ಸ್ಥಿತಿಗೆ ತರುವುದು' ಅಂತ ಬರೆದರೆ ನಮ್ಮ ಆಡಿಟ್‌ನವರು ಸಸ್ಪೆಂಡ್ ಮಾಡ್ತಿದ್ದರು" ಅಂದರು. ಆದರೂ ಅದೇ ದಿನ ಸಂಜೆ ಫೋಟೋ ದೊಡ್ಡದು ಮಾಡಿ, ಯಾವ ಕಲ್ಲು ಹೊಸದು ಅಂತ ಹುಡುಕ್ತಾ ಕೂತಿದ್ದರು.

ಹೆಸರಿನ ವಿಷಯ ಏನೂ ಇತ್ಯರ್ಥ ಆಗಲಿಲ್ಲವಲ್ಲ. ಹುಚ್ಚು ಕಟ್ಟೋಣ ಅನ್ನೋದೊಂದೇ ಬಂದಿದೆ. 'ಶೋಕಿ ಮಂಟಪ' ಅಂದರೆ?

ಕಾಫಿತೋಟ
ಶೋಕಿ ಚೆನ್ನಾಗಿದೆ. ಆದರೆ ಟ್ರೆಶಮ್‌ನ ಮೂರು ಮೂಲೆ ಮನೆಗೆ ಹೊಂದಲ್ಲ.

ಮಂಡ್ಯಕಬ್ಬು
'ದೌಲತ್ತಿನ ಗೋಪುರ' ಅನ್ನಿ. ನಮ್ಮ ಕಡೆ ದೌಲತ್ತು ಅಂದ್ರೆ ದುಡ್ಡು ಮಾತ್ರ ಅಲ್ಲ, ದುಡ್ಡಿನ ಕೊಬ್ಬು. "ಏನ್ ದೌಲತ್ತೋ ಅವನಿಗೆ" ಅಂತೀವಲ್ಲ.

ಗಾರೆಸುಣ್ಣ
ಇದಕ್ಕೆ ನನ್ನ ವೋಟು. ದರಿಯಾ ದೌಲತ್ ಹೆಸರಲ್ಲಿ ಅದೇ ಪದ ಸಂಪತ್ತು ಅನ್ನೋ ನೇರ ಅರ್ಥದಲ್ಲಿದೆ. ನಮ್ಮ ಬಾಯಲ್ಲಿ ಅದಕ್ಕೆ ಕೊಬ್ಬು ಸೇರಿಕೊಂಡಿತು.

ಕರಾವಳಿಕಾಕ
ನಾನು ದರಿಯಾ ದೌಲತ್ ಫಾಲಿ ಅಂದದ್ದಕ್ಕೆ ಬೈದಿರಿ, ಈಗ ಅದೇ ಹೆಸರು ಇಡ್ತಿದ್ದೀರಿ.

ಫೇಡಾಪ್ರಿಯೆ
ಕಾಕಾ ಗೆದ್ರು ಬಿಡ್ರಿ.

ಕೇಂಬ್ರಿಡ್ಜ್‌ಕಿಟ್ಟಿ
ಹೋಳಿಗೆ ಅಕ್ಕ, ಒಂದು ಸಹಾಯ. ಅಪ್ಪ ಈಗ ಫೈರಿಷ್ ಗುಡ್ಡ ಹತ್ತಬೇಕು ಅಂತ ಹಟ ಹಿಡಿದಿದ್ದಾರೆ. 1980ರ ದಶಕದಲ್ಲಿ ಮಂಡ್ಯ ವಿಭಾಗದಲ್ಲಿದ್ದಾಗ ದರಿಯಾ ದೌಲತ್ ಮುಂದಿನ ರಸ್ತೇಲಿ ದಿನಾ ಓಡಾಡ್ತಿದ್ದರಂತೆ, ಒಂದು ದಿನವೂ ಒಳಗೆ ಹೋಗಿಲ್ಲವಂತೆ. "ಆ ಕಡೆಯ ಗೋಡೆ ನೋಡಿಲ್ಲ, ಈ ಕಡೆಯದ್ದಾದರೂ ನೋಡ್ತೀನಿ" ಅಂತಾರೆ. ಎಪ್ಪತ್ತೊಂದು ವಯಸ್ಸು, ಬಲ ಮಂಡಿ ಸರಿಯಿಲ್ಲ. ಆಗುತ್ತಾ?

ಹೈಲ್ಯಾಂಡ್‌ಹೋಳಿಗೆ
ದಾರಿ ಚೆನ್ನಾಗಿದೆ, ಆದರೆ ಶುರುವಿನಲ್ಲೇ ಕಾಡಿನ ನಡುವೆ ಚೂಪು ಏರು. ಕೋಲು ಹಿಡಿದು ನಿಧಾನಕ್ಕೆ ಹತ್ತಿದರೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಇಳಿಯೋದೇ ಮಂಡಿಗೆ ಕಷ್ಟ. ಮಳೆ ಬಂದ ಮರುದಿನ ಬೇಡವೇ ಬೇಡ. ಹಿಂದಿನ ರಾತ್ರಿ ನಮ್ಮನೇಲೇ ಉಳಿಯಿರಿ, ಹೋಳಿಗೆ ಮಾಡ್ತೀನಿ. ಅಮ್ಮ ಹತ್ತೋಲ್ಲ ಅಂದರೆ ನನ್ನ ಜೊತೆ ಕೆಳಗೇ ಇರಲಿ.

ಕೇಂಬ್ರಿಡ್ಜ್‌ಕಿಟ್ಟಿ
ಅಮ್ಮ ಆಗಲೇ "ನಾನು ಕೆಳಗೇ" ಅಂದಾಯ್ತು. ಅಪ್ಪ ಟೇಪು ತಗೊಂಡು ಬರ್ತಾರಂತೆ, ಕಮಾನಿನ ಅಳತೆಗೆ.